ಅಮ್ಮನ ಮುಯ್ಯಿ ಲೆಕ್ಕ

ದೆಹಲಿಯಲ್ಲಿ ಕನ್ನಡದವರು ನಾಲ್ಕು ಜನ ಸೇರಿದ ಕಡೆ, ಅದು ಆರ್.ಕೆ. ಪುರಂನ ಕರ್ನಾಟಕ ಸಂಘವಿರಲಿ, ಯಾರದೋ ಮನೆಯ ಹದಿಮೂರನೆಯ ದಿನದ ಊಟವಿರಲಿ, ಊರಿನಲ್ಲಿದ್ದ ತಾಯಿಯ ಮಾತು ಬಂದೇ ಬರುತ್ತದೆ. ಬಂದಾಗ ಎಲ್ಲರ ಬಾಯಿಂದಲೂ ಹೊರಡುವ ಪದ ಒಂದೇ: ‘ತ್ಯಾಗಮಯಿ’. ಕೋಳಿ ಕೂಗುವ ಹೊತ್ತಿಗೆ ಎದ್ದು ಕೊಟ್ಟಿಗೆಯ ಸಗಣಿ ಬಾಚಿದವಳು, ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದನ್ನು ಉಂಡವಳು, ಓಲೆ ಅಡವಿಟ್ಟು ಮಗನನ್ನು ಓದಿಸಿದವಳು, ತನಗಾಗಿ ಏನನ್ನೂ ಕೇಳದವಳು. ಹೇಳುವವರ ಗಂಟಲು ಕಟ್ಟುತ್ತದೆ, ಕೇಳುವವರ ಕಣ್ಣು ಒದ್ದೆಯಾಗುತ್ತದೆ. ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ನನ್ನ ತಾಯಿಯೂ ಇದನ್ನೆಲ್ಲ ಮಾಡಿದವಳೇ.

ಆದರೂ ಈ ‘ತ್ಯಾಗ’ ಅನ್ನುವ ಮಾತಿನ ಬಗ್ಗೆ ನನಗೊಂದು ತಕರಾರಿದೆ. ತ್ಯಾಗ ಎಂದರೆ ಬಿಟ್ಟುಕೊಟ್ಟದ್ದು. ಬಿಟ್ಟುಕೊಟ್ಟದ್ದನ್ನು ಕೊಟ್ಟವರು ವಾಪಸು ಕೇಳುವ ಹಾಗಿಲ್ಲ, ಪಡೆದವರು ಹಿಂದಿರುಗಿಸಬೇಕಾಗಿಯೂ ಇಲ್ಲ. ಕೈ ಮುಗಿದರೆ ಸಾಕು, ಲೆಕ್ಕ ಚುಕ್ತಾ. ಎರಡು ಸಾವಿರ ಕಿಲೋಮೀಟರಿಗೂ ಆಚೆ ಬಂದು ನೆಲೆಸಿದ ಮಕ್ಕಳಿಗೆ ಇದಕ್ಕಿಂತ ಅನುಕೂಲವಾದ ಪದ ಇನ್ನೊಂದು ಸಿಗಲಾರದು. ಹಾಗಾದರೆ ಹೊಲದಲ್ಲಿ ದುಡಿದು ಸವೆದ ತಾಯಿಯನ್ನು ನೆನೆಯುವ ಸರಿಯಾದ ರೀತಿ ಯಾವುದು? ಹೊಗಳುವುದೋ, ಋಣ ತೀರಿಸುವುದೋ? ತೀರಿಸುವುದಾದರೆ ಯಾರಿಗೆ? ತೀರಿಸಿಕೊಳ್ಳಬೇಕಾದವಳೇ ಈಗ ಇಲ್ಲವಲ್ಲ.

ನಮ್ಮದು ಮಧುಗಿರಿ ಸೀಮೆಯ ಒಂದು ಹಳ್ಳಿ. ನಾಲ್ಕೆಕರೆ ಖುಷ್ಕಿ ಜಮೀನು. ರಾಗಿ, ಕಡ್ಲೇಕಾಯಿ, ತೊಗರಿ, ಅವರೆ. ಮಳೆ ಬಂದರೆ ಬೆಳೆ, ಬರದಿದ್ದರೆ ಕೂಲಿ. ಅಪ್ಪ ಆರು ಕಟ್ಟುತ್ತಿದ್ದರು, ಕೂರಿಗೆ ಹಿಡಿಯುತ್ತಿದ್ದರು, ಮಂಡಿಗೆ ಹೋಗಿ ಮಾರಿ ಬರುತ್ತಿದ್ದರು. ಊರಿನವರ ಕಣ್ಣಿಗೆ ಬೇಸಾಯವೆಂದರೆ ಅಷ್ಟೇ. ಮಿಕ್ಕಿದ್ದೆಲ್ಲ ಅಮ್ಮನದು. ತಿಪ್ಪೆಯ ಗೊಬ್ಬರವನ್ನು ಮಂಕರಿಯಲ್ಲಿ ಹೊತ್ತು ಹೊಲಕ್ಕೆ ಹರಡುವುದು, ಬಿತ್ತನೆಯ ದಿನ ಕೂರಿಗೆಯ ಹಿಂದೆ ಅಕ್ಕಡಿ ಸಾಲಿಗೆ ಅವರೆ ತೊಗರಿ ಬಿಡುತ್ತಾ ನಡೆಯುವುದು, ಎರಡು ಸಲ ಕಳೆ ಕೀಳುವುದು, ಕುಯ್ಲು, ಕಣದಲ್ಲಿ ಗಾಳಿ ನೋಡಿ ತೂರುವುದು, ಕಡ್ಲೇಕಾಯಿ ಬಿಡಿಸುವುದು, ಇವುಗಳ ಮೇಲೆ ಎರಡು ಎಮ್ಮೆ. ಬೀಜದ ವಿಷಯವಂತೂ ಪೂರಾ ಅವಳ ಕೈಯಲ್ಲಿ. ಕುಯ್ಲಿಗೆ ಮುಂಚೆಯೇ ಹೊಲದಲ್ಲಿ ಅಡ್ಡಾಡಿ ಗಟ್ಟಿ ತೆನೆಗಳನ್ನು ಆರಿಸಿ ಬೇರೆ ಕಟ್ಟುತ್ತಿದ್ದಳು. ಅವರೆ, ತೊಗರಿಯ ಬೀಜಕ್ಕೆ ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ, ಗಡಿಗೆಯ ಬಾಯಿಗೆ ಸಗಣಿ ಮೆತ್ತಿ ಇಡುತ್ತಿದ್ದಳು. ಮುಂದಿನ ವರ್ಷ ನಮ್ಮ ಹೊಲದಲ್ಲಿ ಏನು ಮೊಳೆಯಬೇಕು ಅನ್ನುವುದು ಆ ಗಡಿಗೆಗಳಲ್ಲಿ ತೀರ್ಮಾನವಾಗುತ್ತಿತ್ತು. ಇಷ್ಟಾಗಿಯೂ ಯಾರಾದರೂ ಕೇಳಿದರೆ, ‘ನಮ್ಮನೆಯೋರು ಬೇಸಾಯ ಮಾಡ್ತಾರೆ, ನಾನು ಮನೇಲೇ ಇದೀನಿ’ ಅನ್ನುತ್ತಿದ್ದಳು.

ಅಮ್ಮನ ಬದುಕಿನಲ್ಲಿ ತ್ಯಾಗ ಅನ್ನುವ ಪದವನ್ನು ನಾನು ಕೇಳಿದ್ದೇ ಇಲ್ಲ. ಅವಳು ದಿನಕ್ಕೆ ಹತ್ತು ಸಲ ಆಡುತ್ತಿದ್ದ ಪದ ಬೇರೆ: ಮುಯ್ಯಿ. ನಮ್ಮ ಕಡೆ ಕಳೆ, ಕುಯ್ಲಿನ ಸಮಯದಲ್ಲಿ ಮುಯ್ಯಾಳು ಪದ್ಧತಿ ಇತ್ತು. ಈಗಿನವರಿಗೆ ಹೇಳಬೇಕೆಂದರೆ, ಇವತ್ತು ನಿಮ್ಮ ಮನೆಯ ಇಬ್ಬರು ನಮ್ಮ ಹೊಲದ ಕಳೆಗೆ ಬನ್ನಿ, ನಾಡಿದ್ದು ನಮ್ಮ ಮನೆಯ ಇಬ್ಬರು ನಿಮ್ಮ ಹೊಲಕ್ಕೆ ಬರುತ್ತೇವೆ. ದುಡ್ಡಿನ ಮಾತಿಲ್ಲ. ಮಧ್ಯಾಹ್ನದ ಮುದ್ದೆ ಸಾರು ಹೊಲದವರದು, ಅಷ್ಟೇ. ಮದುವೆ ಮನೆಯಲ್ಲಿ ಬರೆಸುವ ಉಡುಗೊರೆಗೂ ಮುಯ್ಯಿ ಎಂದೇ ಹೆಸರು. ಸೇಡಿಗೂ ಅದೇ ಪದ. ಕೊಟ್ಟದ್ದು ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ತಿರುಗಿ ಬರಬೇಕು ಅನ್ನುವುದು ಆ ಪದದೊಳಗಿನ ನಂಬಿಕೆ.

ಅಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದಳು. ಒಂದು ಗೆರೆ ಅಂದರೆ ಒಂದು ಆಳಿನ ಒಂದು ದಿನ. ನಮಗೆ ಬರಬೇಕಾದದ್ದು ಒಲೆಯ ಎಡಕ್ಕೆ, ನಾವು ತೀರಿಸಬೇಕಾದದ್ದು ಬಲಕ್ಕೆ. ತೀರಿದ ಮೇಲೆ ಸಗಣಿ ಬಟ್ಟೆಯಿಂದ ಒರೆಸಿ ಹಾಕುವಳು. ಬಾಣಂತಿ ಇರುವ ಮನೆಯಿಂದ ಬರಬೇಕಾದ ಗೆರೆಗಳನ್ನು ಐದು ತಿಂಗಳಾದರೂ ಕೇಳುತ್ತಿರಲಿಲ್ಲ, ಆದರೆ ಒರೆಸುತ್ತಲೂ ಇರಲಿಲ್ಲ. ಒಂದು ವರ್ಷ ಪಕ್ಕದ ಬೀದಿಯ ಒಬ್ಬ ಮುದುಕಿ ನಮ್ಮ ಹೊಲದಲ್ಲಿ ಮೂರು ದಿನ ಕಳೆ ಕಿತ್ತು, ಮುಯ್ಯಿ ತೀರಿಸಿಕೊಳ್ಳುವ ಮುಂಚೆಯೇ ತೀರಿಕೊಂಡಳು. ಅವಳಿಗೆ ಗಂಡುಮಕ್ಕಳಿರಲಿಲ್ಲ, ಜಮೀನು ದಾಯಾದಿಗಳ ಪಾಲಾಯಿತು. ಅಮ್ಮ ಆ ಮುದುಕಿಯ ಮಗಳನ್ನು ಕೊಟ್ಟಿದ್ದ ಊರನ್ನು ಹುಡುಕಿಕೊಂಡು ಹೋಗಿ, ಅಲ್ಲಿ ಮೂರು ದಿನ ರಾಗಿ ಕುಯ್ದು ಬಂದಳು. ‘ಸತ್ತೋಳ ಸಾಲಕ್ಕೆ ಯಾಕಷ್ಟು ಒದ್ದಾಡ್ತೀಯಮ್ಮ’ ಅಂತ ಅತ್ತೆ ಕೇಳಿದ್ದಕ್ಕೆ, ‘ಆಯಮ್ಮ ಹೋದ್ಲು, ಗೆರೆ ಹೋಗಿಲ್ವಲ್ಲ’ ಅಂದಳು.

ಈ ಮಾತನ್ನು ನಾನು ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡು ತಿರುವಿ ನೋಡಿದ್ದೇನೆ. ಪ್ರೀತಿ ಇರುವ ಕಡೆ ಲೆಕ್ಕ ಇರಬಾರದು, ಲೆಕ್ಕ ಇರುವ ಕಡೆ ಪ್ರೀತಿ ಇರುವುದಿಲ್ಲ ಎಂದು ನಾವು ಓದಿದವರು ತಿಳಿದುಕೊಂಡಿದ್ದೇವೆ. ಅಮ್ಮನಂಥವರಿಗೆ ಲೆಕ್ಕವೇ ಮರ್ಯಾದೆ. ನಿನ್ನ ಒಂದು ದಿನ ನನ್ನ ಒಂದು ದಿನಕ್ಕೆ ಸಮ ಎಂದು ಗೋಡೆಯ ಮೇಲೆ ಬರೆಯುವುದು ಜಿಪುಣತನವಲ್ಲ. ನಿನ್ನ ಬೆವರನ್ನು ನಾನು ಕಂಡಿದ್ದೇನೆ ಎನ್ನುವುದಕ್ಕೆ ಅದು ಸಾಕ್ಷಿ. ನಮ್ಮ ಪರಂಪರೆಯಲ್ಲೂ ಇದಕ್ಕೆ ಉದಾಹರಣೆ ಇದೆ. 12ನೇ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನ ಕತೆ ಎಲ್ಲರಿಗೂ ಗೊತ್ತು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದವಳು ಅವಳು. ಕಾಯಕ, ದಾಸೋಹದ ಅಷ್ಟು ದೊಡ್ಡ ಮಾತುಗಳ ನಡುವೆ ಸೇರಿನ ಅಳತೆ ಮರೆಯದೆ ನಿಂತದ್ದು ಮನೆಯ ಹೆಂಗಸು. ಅವಳ ಭಕ್ತಿ ಅವಳ ಲೆಕ್ಕದಲ್ಲೇ ಇತ್ತು.

ತ್ಯಾಗ ಎಂಬ ಪದ ಈ ಲೆಕ್ಕವನ್ನು ಒರೆಸಿಬಿಡುತ್ತದೆ. ಅದೂ ಒಂದೇ ಕಡೆಯದನ್ನು. ಇದು ನನಗೆ ಮೊದಲು ಸ್ಪಷ್ಟವಾಗಿ ಕಂಡದ್ದು ಅಪ್ಪ ತೀರಿಕೊಂಡಾಗ, 2003ರಲ್ಲಿ. ಆಗ ಪಹಣಿ ಕಂಪ್ಯೂಟರಿನಿಂದ ಬರತೊಡಗಿತ್ತು. ಪೌತಿ ಖಾತೆ ಮಾಡಿಸಬೇಕಿತ್ತು. ಅರ್ಜಿ ಬರೆಯುವವನು ಗಂಡುಮಕ್ಕಳ ಹೆಸರು ಕೇಳಿದ, ಬರೆದುಕೊಂಡ. ಅಮ್ಮ ಮೂಲೆಯಲ್ಲಿ ಕೂತಿದ್ದವಳು, ‘ನನ್ ಹೆಸರೂ ಹಾಕಪ್ಪ’ ಅಂದಳು. ಒಂದು ಗಳಿಗೆ ಎಲ್ಲರೂ ಸುಮ್ಮನಾದರು. ‘ಹೆಂಗಸಿನ ಹೆಸರು ಯಾಕೆ ಸುಮ್ನೆ, ನಾಳೆ ತೊಡಕಾಗುತ್ತೆ’ ಅಂತ ಅವನು. ‘ಈ ವಯಸ್ಸಲ್ಲಿ ಇವಳಿಗೆ ಭೂಮಿ ಆಸೆ ನೋಡು’ ಅಂತ ನೆಂಟರಲ್ಲಿ ಒಬ್ಬರು. ಹಿಂದಿನ ವಾರವಷ್ಟೇ ತಿಥಿಯ ಪಂಕ್ತಿಯಲ್ಲಿ ಕೂತು ಅವಳನ್ನು ತ್ಯಾಗಮಯಿ ಎಂದು ಕೊಂಡಾಡಿದ್ದವರು ಅವರೇ.

ಉಯಿಲು ಬರೆಯದೆ ಗಂಡ ತೀರಿಕೊಂಡರೆ ಅವನ ಪಾಲಿನಲ್ಲಿ ಹೆಂಡತಿಗೂ ಮಕ್ಕಳಷ್ಟೇ ಹಕ್ಕಿದೆ ಅನ್ನುವುದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮಾನ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, ಇಡೀ ದೇಶಕ್ಕೆ 2005ರಲ್ಲಿ. ಕಾನೂನು ತಡೆಯುತ್ತಿರಲಿಲ್ಲ. ತಡೆಯುತ್ತಿದ್ದದ್ದು ಆ ಬಿರುದು. ತ್ಯಾಗಮಯಿ ಕೇಳುವ ಹಾಗಿಲ್ಲ. ಕೇಳಿದ ಕ್ಷಣ ಅವಳು ತ್ಯಾಗಮಯಿಯಾಗಿ ಉಳಿಯುವುದಿಲ್ಲ, ಆಸೆಬುರುಕಿಯಾಗುತ್ತಾಳೆ. ಹೊಗಳಿಕೆ ಅನ್ನುವುದು ಕೊರಳಿಗೆ ಹಾಕಿದ ಹಾರವೂ ಹೌದು, ಮೂಗಿಗೆ ಹಾಕಿದ ದಾರವೂ ಹೌದು. ನಮ್ಮ ಮನೆಯಲ್ಲಿ ಅಮ್ಮನ ಹೆಸರು ಸೇರಿತು. ಮಧುಗಿರಿಯಿಂದ ಬಂದ ಆ ಹಾಳೆಯನ್ನು ಅವಳು ಓದಲಾರಳು. ತನ್ನ ಹೆಸರು ಯಾವುದು ಅಂತ ನನ್ನ ಕೈಯಲ್ಲಿ ತೋರಿಸಿಕೊಂಡು, ಅದರ ಮೇಲೆ ಬೆರಳಾಡಿಸಿ, ಮಡಿಸಿ ಸೀರೆಯ ಪೆಟ್ಟಿಗೆಯಲ್ಲಿಟ್ಟಳು.

ಹೆಸರಿನಲ್ಲಿ ಏನಿದೆ ಎಂದು ನೀವು ಕೇಳಬಹುದು. ನಮ್ಮ ದೇಶದಲ್ಲಿ ಹಳ್ಳಿಯ ಕೆಲಸಗಾರ ಹೆಂಗಸರಲ್ಲಿ ನಾಲ್ವರಲ್ಲಿ ಮೂವರು ಬೇಸಾಯದಲ್ಲೇ ಇದ್ದಾರೆ. ಆದರೆ 2015–16ರ ಕೃಷಿ ಗಣತಿಯಲ್ಲಿ ಹೆಂಗಸರು ನಡೆಸುವ ಹಿಡುವಳಿಗಳ ಪ್ರಮಾಣ ಶೇ. 14ರ ಆಸುಪಾಸು. ಎಂ.ಎಸ್. ಸ್ವಾಮಿನಾಥನ್ ಆಯೋಗದ ನಂತರ ಬಂದ 2007ರ ರಾಷ್ಟ್ರೀಯ ರೈತ ನೀತಿ, ಜಮೀನು ಇರಲಿ ಬಿಡಲಿ, ಬೇಸಾಯದಲ್ಲಿ ದುಡಿಯುವವರೆಲ್ಲ ರೈತರೇ ಎಂಬ ವಿಶಾಲ ಅರ್ಥವನ್ನು ಕೊಟ್ಟಿತು. 2012ರಲ್ಲಿ ಸ್ವಾಮಿನಾಥನ್ ಅವರೇ ಮಹಿಳಾ ರೈತರ ಹಕ್ಕುಗಳ ಖಾಸಗಿ ಮಸೂದೆಯೊಂದನ್ನು ರಾಜ್ಯಸಭೆಯಲ್ಲಿ ಮಂಡಿಸಿದರು, ಅದು ಕಾಯ್ದೆಯಾಗಲಿಲ್ಲ. 2019ರಲ್ಲಿ ಶುರುವಾದ ವರ್ಷಕ್ಕೆ 6,000 ರೂಪಾಯಿಯ ಪಿಎಂ-ಕಿಸಾನ್ ಸಹಾಯಧನ ಬರುವುದೂ ಭೂದಾಖಲೆ ನೋಡಿಯೇ. ನೀತಿಯ ಪುಸ್ತಕದಲ್ಲಿ ಅಮ್ಮ ರೈತೆ, ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಅವಳು ರೈತನ ಹೆಂಡತಿ. ಇನ್ನು ಮನೆಯೊಳಗಿನ ದುಡಿಮೆಗೆ ಪಹಣಿಯೂ ಇಲ್ಲ. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದರಲ್ಲಿ ಕಳೆಯುವುದು ಸರಾಸರಿ 289 ನಿಮಿಷ, ಗಂಡಸರು 88 ನಿಮಿಷ. ಅಮ್ಮನ ಇದ್ದಿಲಿನ ಗೆರೆಗಳನ್ನು ಸರ್ಕಾರ ಈಗ ಎಳೆಯಲು ಕಲಿಯುತ್ತಿದೆ ಎನ್ನಬೇಕು.

ಇದು ನಮ್ಮ ಸೀಮೆಯ ಕತೆ ಮಾತ್ರವಲ್ಲ ಎಂದು ನನಗೆ ತಿಳಿದದ್ದು ದೆಹಲಿಯಲ್ಲೇ. ನಾನಿರುವುದು ಮಯೂರ ವಿಹಾರದಲ್ಲಿ. ರಸ್ತೆ ದಾಟಿ ಇಳಿದರೆ ಯಮುನೆಯ ಖಾದರ್, ಅಂದರೆ ನದಿಯ ಬಯಲು. ಅಲ್ಲಿ ಉತ್ತರ ಪ್ರದೇಶದ ಬದಾಯೂಂ ಕಡೆಯಿಂದ ಬಂದ ಸಂಸಾರಗಳು ಮೂಲಂಗಿ, ಪಾಲಕ್, ಹೂಕೋಸು ಬೆಳೆಯುತ್ತವೆ. ಬೆಳಗ್ಗೆ ವಾಕಿಂಗ್ ಹೋದರೆ ಗದ್ದೆಯಲ್ಲಿ ಬಗ್ಗಿದ ಬೆನ್ನುಗಳು ಬಹುಪಾಲು ಹೆಂಗಸರವೇ. ಸೊಪ್ಪು ಕೊಳ್ಳುತ್ತಾ ಒಬ್ಬಾಕೆಯನ್ನು ಒಂದು ಸಲ ಕೇಳಿದೆ, ಬೇಸಾಯ ನಿಮ್ಮದೇನಾ ಅಂತ. ‘ಖೇತಿ ತೋ ಆದ್ಮಿ ಕರ್ತಾ ಹೈ ಭೈಯಾ, ಹಮ್ ತೋ ಬಸ್ ಹಾಥ್ ಬಟಾತೇ ಹೈಂ’ ಅಂದಳು. ಬೇಸಾಯ ಗಂಡಸು ಮಾಡೋದು, ನಾವು ಕೈಜೋಡಿಸ್ತೀವಿ ಅಷ್ಟೆ. ಅಮ್ಮನ ‘ನಾನು ಮನೇಲೇ ಇದೀನಿ’ ಹಿಂದಿಗೆ ಬಂದ ಹಾಗಿತ್ತು. 2023ರ ಜುಲೈ 13ರಂದು ಯಮುನೆ 208.66 ಮೀಟರಿಗೆ ಏರಿ, 1978ರ ದಾಖಲೆಯನ್ನೂ ಮೀರಿ ಹರಿದಾಗ ಆ ಹೊಲಗಳೆಲ್ಲ ಮುಳುಗಿದವು. ಆ ಸಂಸಾರಗಳು ನಮ್ಮ ರಸ್ತೆ ಬದಿಯಲ್ಲೇ ಟಾರ್ಪಾಲಿನ ಕೆಳಗೆ ದಿನ ಕಳೆದವು.

ಅದಕ್ಕೂ ಮುಂಚೆ, 2020ರ ನವೆಂಬರಿನಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಸಿಂಘು, ಟಿಕ್ರಿ, ಗಾಜಿಪುರ ಗಡಿಗಳಲ್ಲಿ ರೈತರು ಕೂತಿದ್ದರು. ಗಾಜಿಪುರ ನಮ್ಮ ಮನೆಗೆ ಹತ್ತಿರ. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ವಿಚಾರಣೆಯ ವೇಳೆ, ಹೆಂಗಸರನ್ನೂ ವಯಸ್ಸಾದವರನ್ನೂ ಧರಣಿಯಲ್ಲಿ ಯಾಕೆ ಇರಿಸಿಕೊಂಡಿದ್ದಾರೆ ಎಂಬ ಮಾತು ಬಂತು. ಕಾಳಜಿಯ ಮಾತೇ ಇರಬಹುದು. ಆದರೆ ‘ಇರಿಸಿಕೊಳ್ಳುವುದು’ ಎಂದರೆ ಅವರು ತಾವಾಗಿ ಬಂದವರಲ್ಲ ಎಂದಾಯಿತಲ್ಲ. ಆ ತಿಂಗಳ 18ರಂದು ಧರಣಿಯ ಜಾಗಗಳಲ್ಲಿ ಮಹಿಳಾ ಕಿಸಾನ್ ದಿವಸ ನಡೆಯಿತು. ವೇದಿಕೆಯೂ ಮೈಕೂ ಅವತ್ತು ಹೆಂಗಸರ ಕೈಯಲ್ಲಿತ್ತು. ನಾವೂ ರೈತರೇ ಅನ್ನುವುದು ಅವರ ಮಾತಿನ ಸಾರ. ಪಹಣಿಯ ಅರ್ಜಿಯ ಮುಂದೆ ಅಮ್ಮ ಹೇಳಿದ್ದೂ ಅದೇ ಅಲ್ಲವೇ?

ಹೊಗಳಿಕೆಗೂ ಮುಯ್ಯಿಗೂ ಇರುವ ಅಂತರವನ್ನು ತೋರಿಸಲು ನಮ್ಮ ನಾಡಿನ ಒಬ್ಬ ತಾಯಿಯ ಉದಾಹರಣೆ ಸಾಕು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ ಕೂಲಿ ಮಾಡಿ ಬದುಕಿದವರು. ಗಂಡ ಚಿಕ್ಕಯ್ಯನವರ ಜೊತೆ ಹುಲಿಕಲ್–ಕುದೂರು ರಸ್ತೆಯಲ್ಲಿ ಸುಮಾರು 385 ಆಲದ ಸಸಿಗಳನ್ನು ನೆಟ್ಟು, ಕೊಡ ಹೊತ್ತು ನೀರೆರೆದರು. 2019ರ ಮಾರ್ಚಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ರಾಷ್ಟ್ರಪತಿ ಕೋವಿಂದ್ ಅವರ ತಲೆ ಮುಟ್ಟಿ ಹರಸಿದ ಚಿತ್ರವನ್ನು ದೆಹಲಿಯ ಕನ್ನಡಿಗರೆಲ್ಲ ಹೆಮ್ಮೆಯಿಂದ ಹಂಚಿಕೊಂಡೆವು. ಅದೇ ವರ್ಷದ ಜೂನಿನ ಹೊತ್ತಿಗೆ ರಸ್ತೆ ಅಗಲೀಕರಣಕ್ಕೆ ಆ ಮರಗಳೇ ಬಲಿಯಾಗುವ ಪ್ರಸಂಗ ಬಂದು, ಉಳಿಸಿಕೊಡಿ ಎಂದು ಅವರು ಮುಖ್ಯಮಂತ್ರಿಯವರಲ್ಲಿ ಕೇಳಿಕೊಳ್ಳಬೇಕಾಯಿತು. ತಮ್ಮೂರಿಗೆ ಒಂದು ಆಸ್ಪತ್ರೆ ಬೇಕೆಂಬುದು ಅವರ ಬಹುದಿನದ ಆಸೆಯಾಗಿತ್ತು. 2025ರ ನವೆಂಬರ್ 14ರಂದು ಅವರು ತೀರಿಕೊಂಡಾಗ ವೃಕ್ಷಮಾತೆ ಎಂದು ಇಡೀ ನಾಡು ಕೈಮುಗಿಯಿತು. ಕೈಮುಗಿದದ್ದು ತಪ್ಪಲ್ಲ. ಆದರೆ ಅವರು ಕೇಳಿದ್ದು ನಮಸ್ಕಾರವನ್ನಲ್ಲ, ಮರಗಳನ್ನು, ಆಸ್ಪತ್ರೆಯನ್ನು. ಕೊಟ್ಟವರು ಏನು ಕೇಳುತ್ತಿದ್ದಾರೆ ಎಂದು ಕಿವಿಗೊಡುವುದೇ ಮುಯ್ಯಿಯ ಮೊದಲ ಹೆಜ್ಜೆ.

ಹಾಗೆಂದು ಮುಯ್ಯಿಯನ್ನು ಚಿನ್ನದ ಕಾಲದ ಚಿನ್ನದ ಪದ್ಧತಿ ಎಂದು ನಾನು ಹೇಳಲಾರೆ. ಅದು ಸಮಾನರ ನಡುವಿನ ಲೆಕ್ಕ. ತಿರುಗಿ ಕರೆಯಲು ನಿಮಗೂ ಹೊಲ ಇರಬೇಕು. ಹೊಲವಿಲ್ಲದ ಕೇರಿಯವರು ನಮ್ಮಲ್ಲಿಗೆ ಬಂದರೆ ಅವರಿಗೆ ಸಿಗುತ್ತಿದ್ದದ್ದು ಕೂಲಿ, ಮುಯ್ಯಿ ಅಲ್ಲ. ಅವರ ದಿನಗಳಿಗೆ ಅಮ್ಮನ ಗೋಡೆಯ ಮೇಲೆ ಗೆರೆ ಇರಲಿಲ್ಲ. ಅವರಿಗೆ ಮುದ್ದೆ ಇಡುತ್ತಿದ್ದದ್ದು ಜಗಲಿಯ ಕೆಳಗೆ, ಅದೂ ಮೇಲಿಂದ. ಅಮ್ಮ ಕೆಟ್ಟವಳಾಗಿರಲಿಲ್ಲ. ಊರು ಅವಳಿಗೆ ಕಲಿಸಿದ್ದ ಗಡಿ ಅದು, ಅವಳೂ ಅದನ್ನು ಕಾಯುತ್ತಿದ್ದಳು. ತಾಯಿಯನ್ನು ದೇವರು ಮಾಡಿದರೆ ಇದನ್ನು ಹೇಳಲಾಗುವುದಿಲ್ಲ. ದುಡಿಯುವ ಮನುಷ್ಯಳು ಎಂದರೆ ಹೇಳಬಹುದು.

ಆ ಗಡಿಯನ್ನು ದಾಟಿದವರೂ ನಮ್ಮ ಜಿಲ್ಲೆಯಲ್ಲೇ ಇದ್ದರು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ. ಶಾಲೆಯ ಮೆಟ್ಟಿಲು ಹತ್ತದವರು, ಕೃಷಿಕೂಲಿ ಮಾಡಿದವರು, ಹನ್ನೆರಡು ಮಕ್ಕಳನ್ನು ಹೆತ್ತು ಅವರಲ್ಲಿ ನಾಲ್ವರನ್ನು ಎಳೆಯದರಲ್ಲೇ ಕಳೆದುಕೊಂಡವರು. ಅಜ್ಜಿಯಿಂದ ಕಲಿತ ಸೂಲಗಿತ್ತಿ ವಿದ್ಯೆಯಿಂದ, ವೈದ್ಯರೇ ಸಿಗದ ಆ ಸೀಮೆಯಲ್ಲಿ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ದುಡ್ಡು ಪಡೆಯದೆ ಮಾಡಿಸಿದರು ಎನ್ನುತ್ತಾರೆ. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಇದನ್ನಾದರೂ ತ್ಯಾಗ ಎನ್ನಬಹುದಲ್ಲ ಎಂದು ನೀವು ಅನ್ನಬಹುದು. ನನಗೆ ಹಾಗೆ ಕಾಣುವುದಿಲ್ಲ. ಅಜ್ಜಿ ಕೊಟ್ಟ ವಿದ್ಯೆಯನ್ನು ಅಜ್ಜಿಗೆ ತೀರಿಸಲಾಗದು. ಯಾರ ಮನೆಯಲ್ಲಿ ನೋವು ತಿನ್ನುತ್ತಿದ್ದಾಳೋ ಅವಳಿಗೆ ತೀರಿಸಬೇಕು, ಮುಂದಿನವರಿಗೆ ಕಲಿಸಿ ತೀರಿಸಬೇಕು. ನರಸಮ್ಮ ಎರಡನ್ನೂ ಮಾಡಿದರು. ಕೊಟ್ಟವರಿಗೇ ತಿರುಗಿ ಕೊಡಬೇಕೆಂಬ ನಿಯಮ ಮುಯ್ಯಿಗೆ ಇಲ್ಲ. ಗೆರೆ ತೀರಬೇಕು, ಅಷ್ಟೇ.

ಮನೆ ಬಿಟ್ಟು ದೂರ ಬಂದವರಿಗೆ ಇಲ್ಲೊಂದು ದಾರಿ ಇದೆ ಎಂದು ನನಗೆ ತೋರಿಸಿದವಳೂ ಅಮ್ಮನೇ. 2009ರ ಚಳಿಗಾಲದಲ್ಲಿ ಎರಡು ತಿಂಗಳು ನಮ್ಮಲ್ಲಿ ಬಂದಿದ್ದಳು. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕೂತು, ರಾಗಿಹಿಟ್ಟು, ಹುರುಳಿಕಾಳಿನ ಗಂಟುಗಳ ಜೊತೆ. ನಮ್ಮ ಮನೆಯ ಪಾತ್ರೆ ತೊಳೆಯಲು ಬಂಗಾಳದ ಮಾಲ್ದಾ ಕಡೆಯ ಒಬ್ಬಾಕೆ ಬರುತ್ತಿದ್ದಳು. ಊರಿನಲ್ಲಿ ಅವಳ ಗಂಡನಿಗೆ ತುಂಡು ಗದ್ದೆ, ದೊಡ್ಡ ಮಗು ಅತ್ತೆಯ ಹತ್ತಿರ. ಏಳು ತಿಂಗಳ ಬಸುರಿ. ಅವಳಿಗೆ ಕನ್ನಡ ಬಾರದು, ಅಮ್ಮನಿಗೆ ಹಿಂದಿ ಬಾರದು. ಎರಡೇ ದಿನದಲ್ಲಿ ಇಬ್ಬರೂ ಬಿಸಿಲಿಗೆ ಬಾಲ್ಕನಿಯಲ್ಲಿ ಕೂತು ಬಟಾಣಿ ಬಿಡಿಸುವಷ್ಟು ಒಂದಾದರು.

‘ಇವಳ ಬಾಣಂತನ ಯಾರು ಮಾಡ್ತಾರಪ್ಪ?’ ಅಂತ ಒಂದು ಸಂಜೆ ಅಮ್ಮ ಕೇಳಿದಳು.

‘ಯಾರೂ ಇಲ್ಲಮ್ಮ ಇಲ್ಲಿ. ಹೆರಿಗೆಯಾಗಿ ತಿಂಗಳಿಗೆಲ್ಲ ಕೆಲಸಕ್ಕೆ ಬಂದುಬಿಡ್ತಾರೆ. ಇಲ್ಲದಿದ್ದರೆ ಮನೆ ಬೇರೆಯವರ ಪಾಲಾಗುತ್ತೆ.’

‘ನಿನ್ ಹೆಂಡ್ತಿಗೆ ಕೊಟ್ಟಂಗೆ ಇವಳಿಗೆ ಸಂಬಳದ ರಜ ಕೊಡಲ್ವಾ?’

‘ಇಲ್ಲ.’

‘ಇವಳು ಬಂದು ಪಾತ್ರೆ ತೊಳದ್ರೆ ತಾನೆ ನಿನ್ ಹೆಂಡ್ತಿ ಆಫೀಸಿಗೆ ಹೋಗೋದು? ಅಂದ್ಮೇಲೆ ಇವಳೂ ಮುಯ್ಯಾಳೇ ಕಣಪ್ಪ. ಅವಳು ಮಲಗಿರೋ ಹೊತ್ತಲ್ಲಿ ನೀವು ತೊಳ್ಕೊಳ್ಳಿ, ಸಂಬಳ ಕೊಡಿ.’

ಊರಿನಲ್ಲಿ ಜಗಲಿಯ ಕೆಳಗೆ ಮುದ್ದೆ ಇಡುತ್ತಿದ್ದ ಅಮ್ಮನೇ ಈ ಮಾತು ಹೇಳಿದ್ದು. ಇಲ್ಲಿ ಅವಳಿಗೆ ಯಾರು ಯಾವ ಜನ ಅನ್ನುವುದು ಗೊತ್ತಾಗುತ್ತಿರಲಿಲ್ಲ, ಕೇಳಲು ಭಾಷೆಯೂ ಇರಲಿಲ್ಲ. ಕಂಡದ್ದು ಬಸುರಿ ಹೆಂಗಸಿನ ಸೊಂಟ ಮಾತ್ರ. ಪರಸ್ಥಳ ಅನ್ನುವುದು ಕೆಲವನ್ನು ಮರೆಸಿ ಕೆಲವನ್ನು ಕಾಣಿಸುತ್ತದೆ. ನಾವು ಮೂರು ತಿಂಗಳು ಸರದಿಯ ಮೇಲೆ ಪಾತ್ರೆ ತೊಳೆದೆವು, ಸಂಬಳ ತಲುಪಿಸಿದೆವು. ‘ಆಪ್ ಲೋಗ್ ರೇಟ್ ಬಿಗಾಡ್ ದೇತೇ ಹೈಂ’ ಅಂತ ಪಕ್ಕದ ಮನೆಯವರು ಗೊಣಗಿದರು. ದೊಡ್ಡ ಘನಕಾರ್ಯವೇನಲ್ಲ ಅದು. 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿದ್ದನ್ನು ನಾವೆಲ್ಲ ಸ್ವಾಗತಿಸಿದೆವು. ಆದರೆ ಅದು ಹತ್ತು ಜನರಾದರೂ ಇರುವ ಕಚೇರಿ, ಕಾರ್ಖಾನೆಗಳ ಮಾತು. ಮನೆಗೆಲಸದವಳಿಗೆ ಅದರಲ್ಲಿ ಜಾಗವಿಲ್ಲ. ನಾವು ಊರು ಬಿಟ್ಟು ಬಂದು ಇಲ್ಲಿ ಬದುಕು ಕಟ್ಟಿಕೊಂಡಿರುವುದು ಇನ್ನೊಬ್ಬ ರೈತ ತಾಯಿ ತನ್ನ ಊರು, ಮಗು ಬಿಟ್ಟು ಬಂದಿರುವುದರಿಂದ. ನಮ್ಮ ತಾಯಿಗೆ ತೀರಿಸಬೇಕಾದ ಗೆರೆ ಅವಳ ಹೆಸರಿನಲ್ಲಿ ನಮ್ಮ ಅಡುಗೆಮನೆಯಲ್ಲೇ ಇದೆ.

ಅಮ್ಮ ಹೋಗಿ ವರ್ಷಗಳಾದವು. ತಾಯಿಯ ಋಣ ತೀರಿಸಲಾಗದು ಎನ್ನುವ ಮಾತನ್ನು ಈಗಲೂ ಕೇಳುತ್ತಿರುತ್ತೇನೆ. ಕೇಳಲು ಇಂಪಾಗಿದೆ, ಒಪ್ಪಲು ಮನಸ್ಸಾಗುವುದಿಲ್ಲ. ತೀರಿಸಲಾಗದು ಎಂದಮೇಲೆ ತೀರಿಸಲು ಶುರುಮಾಡುವ ಅಗತ್ಯವೂ ಇಲ್ಲವಲ್ಲ. ವಿಶ್ವಸಂಸ್ಥೆ 2026ನೇ ಇಸವಿಯನ್ನು ಮಹಿಳಾ ರೈತರ ವರ್ಷ ಎಂದು ಸಾರಿತು. ಅದರ ಹಿಂದೆಯೇ 2027ರ ಜನಗಣತಿ. ಎಣಿಕೆಯವರು ನಮ್ಮೂರಿನ ಜಗಲಿಯ ಮೇಲೆ ಕೂತು ಈ ಮನೆಯ ಹೆಂಗಸರು ಏನು ಕೆಲಸ ಮಾಡುತ್ತಾರೆ ಎಂದು ಕೇಳಿದಾಗ, ಊರಲ್ಲಿರುವ ಅತ್ತಿಗೆ ‘ಮನೇಲೇ ಇದೀನಿ’ ಅನ್ನದಂತೆ ಫೋನಿನಲ್ಲಿ ಹೇಳಿಡುವುದು ನಮ್ಮಂಥ ದೂರದವರೂ ಮಾಡಬಹುದಾದ ಕೆಲಸ. ಪಹಣಿಯಲ್ಲಿ ಅವಳ ಹೆಸರು ಇದೆಯೇ ನೋಡುವುದು, ತಂಗಿಯ ಪಾಲನ್ನು ಅರಿಶಿನ ಕುಂಕುಮದ ಹೆಸರಿನಲ್ಲಿ ಸೀರೆಗೆ ಇಳಿಸದಿರುವುದು, ಮನೆಗೆಲಸದವಳ ರಜೆಗೆ ಸಂಬಳ ಕೊಡುವುದು, ಇವೂ ಅಂಥವೇ. ಯಾವುದೂ ದೊಡ್ಡ ಮಾತಲ್ಲ, ಯಾವುದಕ್ಕೂ ಗಂಟಲು ಕಟ್ಟಬೇಕಾಗಿಲ್ಲ. ಮೂರು ದಿನದ ಕಳೆಗೆ ಮೂರು ದಿನದ ಕುಯ್ಲು. ಹಾಗೆ ಎಣಿಸಿದರೆ ಋಣ ಖಂಡಿತ ತೀರುತ್ತದೆ, ಒಂದೊಂದೇ ಗೆರೆಯಾಗಿ.